ಎಡಗಡೆಯ ಕನ್ನಡಿ

ನಮ್ಮ ಕಾರನ್ನು ನೋಡಿದವರು ಮೊದಲು ಮಾಡುವ ಕೆಲಸ, ಅದನ್ನು ಬಡಿದು ನೋಡುವುದು.

ಸುಳ್ಳಲ್ಲ. ಮಾನ್ವಿಯ ಸಂತೆಯಲ್ಲಿ ನಿಲ್ಲಿಸಿದರೆ, ಗಡಿಗೆ ಕೊಳ್ಳಲು ಬಂದ ಹೆಂಗಸರು ಗಡಿಗೆ ಬಡಿದ ಅದೇ ಬೆರಳಿನಿಂದ ನಮ್ಮ ಕಾರನ್ನೂ ಎರಡು ಸಲ ಬಡಿದು ಹೋಗುತ್ತಾರೆ. ದೇವದುರ್ಗದಲ್ಲಿ ನನ್ನ ಅಕ್ಕನ ಮನೆಯ ಮುಂದೆ ನಿಲ್ಲಿಸಿದರೆ, ಓಣಿಯ ಹಿರಿಯರು ಒಬ್ಬೊಬ್ಬರಾಗಿ ಬಂದು, ಬಡಿದು, "ತಗಡಲ್ಲ ಬಿಡ್ರಿ ಇದು" ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಹೌದು, ತಗಡಲ್ಲ. ಫೈಬರ್. ಬೆಂಗಳೂರಿನ ಕಡೆ ತಯಾರಾದ ಎರಡು ಬಾಗಿಲಿನ ಪುಟ್ಟ ಕಾರು. ಬಾಡಿಯೆಲ್ಲ ಗಾಜಿನ ನೂಲು ಮತ್ತು ಅಂಟು. ತುಕ್ಕು ಹಿಡಿಯುವುದಿಲ್ಲ ಎಂಬ ಒಂದೇ ಗುಣಕ್ಕೆ ಮರುಳಾಗಿ ನಮ್ಮವರು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು.

(ನಮ್ಮವರು ಎಂದರೆ ನನ್ನ ಯಜಮಾನರು, ಮಾನ್ವಿಯ ದನದ ಡಾಕ್ಟರು. ಈ ಅಂಕಣದಲ್ಲಿ ಆಗಲೇ ಸಾಕಷ್ಟು ಬೈಸಿಕೊಂಡಿದ್ದಾರೆ. ಈ ವಾರವೂ ಬೈಯೋಣವೆಂದೇ ಕೂತಿದ್ದೆ.)

ಆ ತುಕ್ಕು ಹಿಡಿಯದ ಕಾರಿಗೆ ತುಕ್ಕು ಹಿಡಿಯಿತು. ಎಲ್ಲಿ ಅಂತೀರಿ? ಕನ್ನಡಿಯ ಬುಡದಲ್ಲಿ.

ಕಾರು ಮನೆಗೆ ಬಂದಾಗ ಅದರ ಹೊರಗಡೆ ಇದ್ದದ್ದು ಒಂದೇ ಕನ್ನಡಿ. ಬಲಗಡೆ, ಓಡಿಸುವವರ ಕಡೆ. ಈ ತೊಂಬತ್ತೆರಡನೇ ಇಸವಿಯಲ್ಲೂ ರಾಯಚೂರಿನಲ್ಲಿ ಓಡಾಡುವ ಕಾರುಗಳನ್ನು ನೋಡಿ, ಹೆಚ್ಚಿನವಕ್ಕೆ ಇರುವುದು ಅಷ್ಟೇ. ಎರಡು ವರ್ಷದ ಹಿಂದೆ ಇವರ ತಲೆಯಲ್ಲಿ ಏನು ಹೊಕ್ಕಿತೋ, ಎಡಗಡೆಗೂ ಒಂದು ಕನ್ನಡಿ ಬೇಕೆಂದು ಹಟ ಹಿಡಿದರು. ಮೆಕ್ಯಾನಿಕ್ ನಕ್ಕುಬಿಟ್ಟ. "ಎಡಗಡಿಂದ ಯಾರು ಓವರ್‌ಟೇಕ್ ಮಾಡ್ತಾರ್ರಿ ಸಾಹೇಬ್ರ, ನಿಮ್ಮ ಎಮ್ಮಿ ಬಿಟ್ರ?" ನಾನೂ ನಕ್ಕೆ. ಇವರು ಮಾತ್ರ ನಗಲಿಲ್ಲ. ಬಾಗಿಲಿಗೆ ತೂತು ಕೊರೆಸಿ, ಒಳಗೊಂದು ಕಬ್ಬಿಣದ ಪಟ್ಟಿ ಕೊಡಿಸಿ, ಎರಡು ಬೋಲ್ಟು ಬಿಗಿಸಿ, ಕನ್ನಡಿ ಹಾಕಿಸಿಕೊಂಡೇ ಬಂದರು.

ಹಾಕಿಸಿದ್ದೇನೋ ಸರಿ, ಅದನ್ನು ಹೊರಗೆ ರಸ್ತೆಯ ಕಡೆ ತಿರುಗಿಸಬೇಕಲ್ಲವೇ? ಇವರು ಒಳಗೆ ತಿರುಗಿಸಿಟ್ಟರು. ಪಕ್ಕದ ಸೀಟಿನಲ್ಲಿ ಕೂತು ನಾನು ಅದರಲ್ಲಿ ನೋಡಿದರೆ ಕಾಣುತ್ತಿದ್ದದ್ದು ಇವರ ಮೀಸೆ. ಐವತ್ತು ದಾಟಿದ ಮೇಲೆ ಮೀಸೆಯ ಶೋಕಿ ಬಂತೇ ಎಂದು ಹಂಗಿಸಿದೆ. ಎಷ್ಟೋ ಸಲ ನಾನೇ ಕೈ ಹಾಕಿ ಹೊರಗೆ ತಿರುಗಿಸಿದೆ. ಮುಂದಿನ ವಾರ ಅದು ಮತ್ತೆ ಒಳಗೇ ತಿರುಗಿರುತ್ತಿತ್ತು.

ಈ ಮಳೆಗಾಲದಲ್ಲಿ ಕನ್ನಡಿಯ ಬುಡದಿಂದ ಒಂದು ಕೆಂಪು ಗೆರೆ ಇಳಿಯತೊಡಗಿತು, ಎಲೆ ಅಡಿಕೆ ಹಾಕಿಕೊಂಡವರ ಬಾಯಂಚಿನ ಹಾಗೆ. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಒಳಗಿನ ಕಬ್ಬಿಣದ ಪಟ್ಟಿಗೆ ಆ ಮಾತು ಯಾರು ಹೇಳಬೇಕು? ಹಿಡಿತ ಸಡಿಲಾಯಿತು. ಕನ್ನಡಿ ತಲೆ ಆಡಿಸಿತು. ದನಕ್ಕೆ ಕಟ್ಟುವ ಬ್ಯಾಂಡೇಜಿನಿಂದ ಇವರು ಅದನ್ನು ಒಂದಿಷ್ಟು ದಿನ ಕಟ್ಟಿ ಓಡಾಡಿದರು. ಕೊನೆಗೆ ಒಂದು ದಿನ, ತುಕ್ಕು ಹಿಡಿದ ಬೋಲ್ಟುಗಳನ್ನು ಬಾಗಿಲಲ್ಲೇ ಬಿಟ್ಟು, ಅದು ಕೈಗೇ ಬಂತು.

ಹೋಗಲಿ, ಒಂದು ಕನ್ನಡಿ ತಾನೇ ಎಂದೆ ನಾನು. ಆದರೆ ಅಂದಿನಿಂದ ನಮ್ಮ ಕಾರಿನಲ್ಲಿ ಮಾತು ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ರಾಯಚೂರಿನಲ್ಲಿ ಹುಡುಗಿಯರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇವರಿಗೆ ಮಾನ್ವಿ ತಾಲೂಕಿನ ದನಗಳು. ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬಂದು ಊಟ ಮಾಡಿ ಮಲಗಿಬಿಡುತ್ತಾರೆ. ಶನಿವಾರ ಮಾತ್ರ ನನಗೆ ಅರ್ಧ ದಿನ ಶಾಲೆ. ಅಂದು ಮಧ್ಯಾಹ್ನ ಇಬ್ಬರೂ ಕಾರಿನಲ್ಲಿ ದೇವದುರ್ಗಕ್ಕೆ, ಅಕ್ಕನ ಮನೆಗೆ ಹೋಗುತ್ತೇವೆ. ಆ ಒಂದೂವರೆ ತಾಸು ನನ್ನ ಮಾತಿನ ಹೊತ್ತು. ಉಪ್ಪಿಟ್ಟು ಸೀದದ್ದು, ಎದುರು ಮನೆಯವರ ಹೊಸ ಪರದೆ, ಒಬ್ಬ ಹುಡುಗಿ ಹಸುವಿನ ಮೇಲೆ ಪ್ರಬಂಧ ಬರಿ ಎಂದರೆ ಎಮ್ಮೆಯ ಮೇಲೆ ಬರೆದು "ಹಸು ನಮ್ಮ ಮನೆಯಲ್ಲಿಲ್ಲ" ಎಂದು ಸಹಿ ಹಾಕಿದ್ದು. ಒಂದೂ ಕೆಲಸಕ್ಕೆ ಬಾರದ ಮಾತು. ಇವರು ಹೂಂಗುಡುತ್ತಿದ್ದರು, ನಗುತ್ತಿದ್ದರು, ಆಮೇಲೇನಾಯಿತು ಎಂದು ಕೇಳುತ್ತಿದ್ದರು. ನನ್ನ ಮಟ್ಟಿಗೆ ವಾರವೆಂದರೆ ಆ ಒಂದೂವರೆ ತಾಸೇ.

ಕನ್ನಡಿ ಬಿದ್ದ ಮೇಲೆ ಎಲ್ಲಾ ತಾಳ ತಪ್ಪಿತು. ನಗಬೇಕಾದಲ್ಲಿ ನಗುವುದಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಎಲ್ಲೋ. ಮೊದಮೊದಲು ಕೆಲಸದ ಆಯಾಸವೆಂದುಕೊಂಡೆ. ಆಮೇಲೆ, ಇಪ್ಪತ್ತೆರಡು ವರ್ಷವಾಯಿತು, ನನ್ನ ಮಾತು ಸಾಕಾಗಿರಬೇಕು ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಅತ್ತಿದ್ದೇನೆ.

ಅದೇ ಹೊತ್ತಿಗೆ ನನಗೆ ಪ್ರಮೋಷನ್ ಬಂತು. ದೇವದುರ್ಗದಲ್ಲಿ ಹೆಡ್‌ಮಿಸ್ಟ್ರೆಸ್. ಒಪ್ಪಿದರೆ ವಾರವೆಲ್ಲ ಅಲ್ಲೇ ಅಕ್ಕನ ಮನೆಯಲ್ಲಿ ಇರಬೇಕು. ಒಪ್ಪಿಗೆಯೋ ಅಲ್ಲವೋ, ತಿಂಗಳೊಳಗೆ ಬರೆದುಕೊಡಬೇಕು. ಶನಿವಾರ ಕಾರಿನಲ್ಲಿ ಇವರಿಗೆ ಎಲ್ಲವನ್ನೂ ಹೇಳಿದೆ. ಹೋಗಲೋ ಬೇಡವೋ, ನೀವೇ ಹೇಳಿ ಎಂದೆ. ಇವರು ರಸ್ತೆಯ ಬದಿಯ ಹೊಲ ನೋಡಿ, "ಹೂಂ, ಈ ಸಲ ಹತ್ತಿ ಛಲೋ ಅದ" ಎಂದರು.

ಹತ್ತಿ!

ಆ ಕ್ಷಣ ನಾನು ನಿರ್ಧಾರ ಮಾಡಿಬಿಟ್ಟೆ. ಹೋಗುತ್ತೇನೆ. ಮಾತು ಬೇಡವಾದವರ ಪಕ್ಕದಲ್ಲಿ ಕೂತು ಏನು ಮಾಡಲಿ? ಒಪ್ಪಿಗೆ ಪತ್ರ ಬರೆದು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡೆ. ಕೊಡುವುದೊಂದೇ ಬಾಕಿ.

ಇತ್ತ ಇವರಿಗೆ ಕನ್ನಡಿಯದೇ ಚಿಂತೆ. ಅದು ಬಿದ್ದಾಗಿನಿಂದ ಎರಡು ತಿಂಗಳು ಮೆಕ್ಯಾನಿಕ್ಕುಗಳ ಬೆನ್ನು ಹತ್ತಿ ತಿರುಗಿದ್ದೇ ತಿರುಗಿದ್ದು. ಬಡಿದು ಡೆಂಟ್ ತೆಗೆಯುವ ಟಿಂಕರ್ ಒಬ್ಬ ಸಿಕ್ಕ. ಅವನಿಗೆ ಗೊತ್ತಿದ್ದದ್ದು ತಗಡು. ತುಕ್ಕಿಗೆ ಕಚ್ಚಿ ಕೂತ ಬೋಲ್ಟಿಗೆ ಸುತ್ತಿಗೆ ಕೊಟ್ಟ. ಬಾಗಿಲಿನ ಮೇಲೆ ನಕ್ಷತ್ರ ಬಿಡಿಸಿದ ಹಾಗೆ ಬಿರುಕು ಬಿತ್ತು. ಅಷ್ಟಕ್ಕೆ ಬಿಡದೆ, ಬೆಸುಗೆ ಹಾಕಿಬಿಡುತ್ತೇನೆ ಎಂದು ಗ್ಯಾಸ್ ಹಚ್ಚಿದ! ಫೈಬರಿಗೆ! ಕೂದಲು ಸುಟ್ಟ ವಾಸನೆ ಬಂದಾಗ ನಮ್ಮ ಡಾಕ್ಟರು ಎಮ್ಮೆಯ ಕಾಲಿನಿಂದ ತಪ್ಪಿಸಿಕೊಳ್ಳುವ ಚುರುಕಿನಲ್ಲಿ ಹಾರಿ ಅವನ ಕೈ ಹಿಡಿದರಂತೆ.

ಕೊನೆಗೆ ಸಿಕ್ಕವನು ಹುಸೇನಪ್ಪ. ಊರು ಚೀಕಲಪರ್ವಿ, ಕೆಲಸ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ, ಕಂಟ್ರಾಕ್ಟರರ ಕೈಕೆಳಗೆ ಟ್ಯಾಂಕುಗಳ ಒಳಮೈಗೆ ಫೈಬರ್ ಹೊದಿಸುವುದು. ಅವನ ಎಮ್ಮೆಯ ಹೆರಿಗೆ ಮಾಡಿಸಲು ಹೋದಾಗ ಮಾತಿನ ನಡುವೆ ಕನ್ನಡಿಯ ವಿಷಯ ಬಂದು, ಭಾನುವಾರ ನಾನೇ ಬರುತ್ತೇನೆ ಎಂದನಂತೆ.

ಬಂದ. ಮುಂಜಾನೆ ಆರಕ್ಕೇ ಬಂದ. ನಮ್ಮ ರಾಯಚೂರಿನ ಬಿಸಿಲು ಏರಿದರೆ ಅಂಟು ಡಬ್ಬಿಯಲ್ಲೇ ಕಲ್ಲಾಗುತ್ತದಂತೆ. ಬೇವಿನ ನೆರಳಿಗೆ ಕಾರು ನಿಲ್ಲಿಸಿ, ಬಾಗಿಲಿನ ಒಳಹಲಗೆ ಬಿಚ್ಚಿ, ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಕಬ್ಬಿಣ ಕತ್ತರಿಸುವ ಆಕ್ಸಾ ಬ್ಲೇಡಿನಿಂದ ನಿಧಾನವಾಗಿ ಕೊಯ್ದ. ಸುತ್ತಿಗೆಯನ್ನು ಮುಟ್ಟಲೇ ಇಲ್ಲ. ಒಳಗಿನ ಕಬ್ಬಿಣದ ಪಟ್ಟಿ ಸುಟ್ಟ ಹಪ್ಪಳದ ಹಾಗೆ ಪದರು ಪದರಾಗಿ ಉದುರಿತು. ಹೊಸದಕ್ಕೆ ಕಬ್ಬಿಣ ಬೇಡವೇ ಬೇಡ, ಸ್ಟೀಲಿನದು ಏನಾದರೂ ಇದೆಯೇ ಎಂದು ಕೇಳಿದ. ಅಡುಗೆಮನೆಯಿಂದ ಒಂದು ಊಟದ ತಾಟು ತಂದುಕೊಟ್ಟೆ. ನಮ್ಮ ಮದುವೆಯಲ್ಲಿ ಬಂದದ್ದು, ಅಂಚಿನಲ್ಲಿ ಇಬ್ಬರ ಹೆಸರು ಕೊರೆದದ್ದು. (ಸಿಟ್ಟಿನಲ್ಲೇ ಕೊಟ್ಟೆ. ಬೇರೆ ತಾಟುಗಳಿರಲಿಲ್ಲವೆಂದಲ್ಲ.)

ಇನ್ನು ಮುಖ್ಯವಾದ ಕೆಲಸ. ಟಿಂಕರನ ಸುತ್ತಿಗೆಯ ಪೆಟ್ಟಿಗೆ ಫೈಬರಿನ ಪದರುಗಳು ಒಳಗೇ ಬಿಟ್ಟುಕೊಂಡಿದ್ದವು. ಎಲ್ಲಿಯವರೆಗೆ ಬಿಟ್ಟಿವೆ ಎಂದು ಕಣ್ಣಿಗೆ ಕಾಣುವುದಿಲ್ಲ. ನಾಲ್ಕಾಣೆಯ ಅಂಚಿನಿಂದ ಬಡಿದು, ದನಿ ಕೇಳಿ ತಿಳಿಯಬೇಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟ ಜಾಗ ಡಬ್ ಎನ್ನುತ್ತದೆ. ಅದೇ, ಗಡಿಗೆಯ ಲೆಕ್ಕ. ಹುಸೇನಪ್ಪ ನನ್ನ ಶಾಲೆಯ ಸೀಮೆಸುಣ್ಣವನ್ನು ಇವರ ಕೈಗೆ ಕೊಟ್ಟು, ತಾನು ಬಡಿಯುತ್ತಾ ಹೋಗುತ್ತೇನೆ, ದನಿ ಬದಲಾದಲ್ಲಿ ಗುರುತು ಹಾಕಿ ಎಂದ.

ಬಡಿದ. ಡಬ್, ಡಬ್, ಟಣ್. ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೆ ಸ್ಪಷ್ಟವಾಗಿ ಕೇಳಿಸಿತು. ಇವರು ಹುಸೇನಪ್ಪನ ಮುಖ ನೋಡಿದರು, ಕೈ ನೋಡಿದರು, ಎಲ್ಲೋ ಒಂದು ಕಡೆ ಗುರುತು ಹಾಕಿದರು. ಮತ್ತೆ ಬಡಿದ. ಮತ್ತೆ ತಪ್ಪು ಗುರುತು. ಹಣೆಯ ಮೇಲೆ ಬೆವರು. ಐದನೆಯದಕ್ಕೆ ಹುಸೇನಪ್ಪ ಗುರುತುಗಳನ್ನೆಲ್ಲ ಬಟ್ಟೆಯಿಂದ ಒರೆಸಿದ. ಸೀಮೆಸುಣ್ಣ ತಂದು ನನ್ನ ಕೈಗೆ ಕೊಟ್ಟ. "ಅಮ್ಮಾರ, ಸಾಹೇಬ್ರು ಅಂಟು ಕಲಸ್ಲಿ. ನೀವು ಬರ್ರಿ."

ನಾನು ಗುರುತು ಹಾಕಿದೆ. ಇವರು ಎಮ್ಮೆಯ ಹೆರಿಗೆಗೆ ಹಾಕಿಕೊಳ್ಳುವ ಮೊಣಕೈವರೆಗಿನ ರಬ್ಬರ್ ಗ್ಲೌಸ್ ಹಾಕಿಕೊಂಡು, ತಲೆ ತಗ್ಗಿಸಿ, ಅಂಟು ಕಲಸುತ್ತಾ ಕೂತಿದ್ದರು.

ಗುರುತಿನೊಳಗಿನದನ್ನೆಲ್ಲ ಉಜ್ಜಿ ತೆಗೆದು, ಒಳಗಿನಿಂದ ಫೈಬರಿನ ಬಟ್ಟೆಯನ್ನು ಪದರು ಪದರಾಗಿ ಹಚ್ಚಿ, ಮಧ್ಯಾಹ್ನ ಅದು ಗಟ್ಟಿಯಾದ ಮೇಲೆ ತಾಟಿನ ತುಂಡನ್ನು ಹಿಂದೆ ಕೊಟ್ಟು, ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಇಟ್ಟು, ಹಿತ್ತಾಳೆಯ ಬೋಲ್ಟು ಬಿಗಿದು ಹುಸೇನಪ್ಪ ಕನ್ನಡಿ ಕೂರಿಸಿದ. ಎಷ್ಟು ತಿರುಗಿಸಲಿ ಎಂದು ಕೇಳಿದ. ಇವರು ಸ್ಟಿಯರಿಂಗ್ ಹಿಡಿದು ಕೂತು ಕೈಸನ್ನೆ ಮಾಡಿದರು: ಒಳಗೆ, ಇನ್ನೂ ಒಳಗೆ. ಹೀಗಿಟ್ಟರೆ ರಸ್ತೆ ಕಾಣುವುದಿಲ್ಲ ಎಂದ ಅವನು. ಇವರು ನನ್ನನ್ನು ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿದರು. ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸಿ, "ಈಗ ಸರಿಯಾತು" ಎಂದರು.

ಹುಸೇನಪ್ಪ ಒಂದು ಕ್ಷಣ ಕನ್ನಡಿ ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನ ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದ:

"ಟರ್ಬೈನ್ ಬಾಜೂಕ ನಿಂತ್ರ ನಮಗೂ ಮಾತು ಕೇಳಂಗಿಲ್ರಿ ಅಮ್ಮಾರ. ನಾವು ಬಾಯಿ ನೋಡೇ ಮಾತಾಡ್ತೀವಿ. ಸಾಹೇಬ್ರು ಅದನ್ನ ಮಾಡಾಕತ್ತಾರ."

(ನಾನು ವಿಜ್ಞಾನದ ಟೀಚರ್ ಆಗಿದ್ದರೆ ಎರಡು ವರ್ಷದ ಹಿಂದೆಯೇ ಹೊಳೆಯುತ್ತಿತ್ತು. ಕನ್ನಡಿಯಲ್ಲಿ ನನಗೆ ಅವರು ಕಂಡರೆ, ಅದರಲ್ಲಿ ಅವರಿಗೆ ಕಾಣುವುದು ನಾನು. ಮೀಸೆಯಲ್ಲ.)

ಅವನು ಸಾಮಾನು ಕಟ್ಟಿಕೊಂಡು ಹೋದ ಮೇಲೂ ನಾವಿಬ್ಬರೂ ಕಾರಿನಲ್ಲೇ ಕೂತಿದ್ದೆವು. ನಾನು ಕನ್ನಡಿಯತ್ತ ಮುಖ ಮಾಡಿ ಕೇಳಿದೆ. ಯಾವಾಗಿನಿಂದ ಕೇಳಿಸುತ್ತಿಲ್ಲ ಎಂದರೆ, ಮೂರು ವರ್ಷದಿಂದ ಎಂದರು. ಲಾರಿಯ ಹಾರ್ನ್ ಕೇಳಿಸುತ್ತದಂತೆ, ಬಲಗಡೆಯ ಕನ್ನಡಿಯಂತೂ ಇದ್ದೇ ಇದೆ. ಮನೆಯಲ್ಲಿ ಎದುರು ಕೂತರೆ ತೊಂದರೆಯಿಲ್ಲ. ಇಂಜಿನ್ ಶುರುವಾದರೆ ನನ್ನ ದನಿ ಮುಳುಗಿಬಿಡುತ್ತದೆ.

"ಮೊದಲ ಯಾಕ ಹೇಳಲಿಲ್ರಿ ನನಗ?"

ಇವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಹೇಳಿದ್ರ ನೀ ಬೇಕಾದಷ್ಟ ಒದರಿ ಹೇಳಿ ಸುಮ್ಮನಾಗ್ತಿದ್ದಿ. ಊಟಕ್ಕ ಬರ್ರಿ, ಔಷಧ ತಗೋರಿ, ಅಷ್ಟ. ಎದುರು ಮನಿ ಪರದಿ ಸುದ್ದಿ ಯಾರು ಒದರಿ ಹೇಳ್ತಾರ? ನನಗ ಅವ ಬೇಕಾಗಿದ್ದವು."

ಎಂಥ ಮನುಷ್ಯ ನೋಡಿ! ನನ್ನ ಸೀದ ಉಪ್ಪಿಟ್ಟಿನ ಕಥೆಗಾಗಿ ಬಾಗಿಲು ಕೊರೆಸಿಕೊಂಡ ಮನುಷ್ಯ. ನಾನೋ, ಬ್ಯಾಗಿನಲ್ಲಿ ಪತ್ರ ಇಟ್ಟುಕೊಂಡು ತಿರುಗುತ್ತಿದ್ದವಳು.

ಪತ್ರ ತೆಗೆದೆ. ಹತ್ತಿ ಬೆಳೆದ ಹೊಲದ ಬದಿಯಲ್ಲಿ ಕೇಳಿದ್ದನ್ನೇ ಮತ್ತೊಮ್ಮೆ, ಕನ್ನಡಿಗೆ ಮುಖ ಕೊಟ್ಟು, ಒದರದೆ ಕೇಳಿದೆ. ದೇವದುರ್ಗಕ್ಕೆ ಹೋಗಲೋ ಬೇಡವೋ? ಇವರು ಕನ್ನಡಿಯಲ್ಲಿ ನನ್ನ ತುಟಿಗಳನ್ನು ಒಂದಕ್ಷರ ಬಿಡದೆ ಓದಿಕೊಂಡರು. ಆಮೇಲೆ, ಇದೇನು ದೊಡ್ಡ ವಿಷಯವೇ ಎಂಬಂತೆ ಹೇಳಿದರು:

"ಹೋಗು. ನಾನೂ ಅಲ್ಲಿಗೇ ವರ್ಗ ಕೇಳ್ತೀನಿ. ದೇವದುರ್ಗದಾಗೂ ದನ ಅದಾವ."

ಪತ್ರ ಕೊಟ್ಟಿದ್ದೇನೆ. ಕಿವಿಯ ಡಾಕ್ಟರ ಹತ್ತಿರ ಹೋಗುವುದಕ್ಕೂ ಒಪ್ಪಿಸಿದ್ದೇನೆ, ಆದರೆ ಮಷೀನು ಬಂದರೂ ಕನ್ನಡಿ ಬಿಚ್ಚಬಾರದು ಎಂಬ ಕರಾರಿನ ಮೇಲೆ. ಕರಾರು ನನ್ನದೇ. ಮೊನ್ನೆಯ ಶನಿವಾರ ದೇವದುರ್ಗ ಮುಟ್ಟುವವರೆಗೂ ಪಕ್ಕದ ಮನೆಯವರ ಬೆಕ್ಕಿನ ವಿಷಯ ಹೇಳಿದೆ. ಇವರು ನಗಬೇಕಾದಲ್ಲೆಲ್ಲ ನಕ್ಕರು. ಅಕ್ಕನ ಓಣಿಯ ಹಿರಿಯರು ಎಂದಿನಂತೆ ಬಂದು ಕಾರು ಬಡಿದು ನೋಡಿದರು. ಬಾಗಿಲಿನ ಮೇಲೂ ಬಡಿದರು. ಟಣ್ ಎಂದಿತು.

ಅಂದಹಾಗೆ, ನಿಮ್ಮ ಮನೆಯಲ್ಲೂ ಕಿವಿ ಮಂದವಾದವರು ಒಬ್ಬರಿರಬಹುದು: ಅವರಿಗೆ ಕೆಲಸಕ್ಕೆ ಬಾರದ ಒಂದು ಮಾತು ಹೇಳಿ ಎಷ್ಟು ದಿನವಾಯಿತು?