ಕ್ಲೈಡ್ ಬಿಟ್ಟುಕೊಟ್ಟ ಗುಟ್ಟು

ನಮ್ಮ ಗಾರ್ಡೀನಾ ಊರಿನ ಇಸ್ಪೀಟು ಕ್ಲಬ್ಬುಗಳ ಮುಂದೆ ಬಾಗಿಲು ತೆಗೆಯುವ ಮೊದಲೇ ಜನ ನಿಂತಿರುತ್ತಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸರು, ಕೆಲಸದಿಂದ ನಿವೃತ್ತರಾದ ಗಂಡಸರು, ಮನೆಯಲ್ಲಿ ಹೊತ್ತು ಹೋಗದವರು. ಅರವತ್ತರ ದಶಕದಲ್ಲಿ ನಾನು ಸೊಂಟಕ್ಕೆ, ಹಣದ ಬದಲು ಪಣಕ್ಕಿಡುವ ಬಿಲ್ಲೆಗಳ ಚೀಲ ಕಟ್ಟಿಕೊಂಡು ಅಲ್ಲಿ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದೆ. ಆಡುವವರಿಂದ ಅರ್ಧ ಗಂಟೆಗೊಮ್ಮೆ ಕುರ್ಚಿ ಬಾಡಿಗೆ ವಸೂಲಿ ಮಾಡುವುದೂ ನನ್ನ ಕೆಲಸವೇ. ಕ್ಲಬ್ಬಿಗೆ ಆ ಬಾಡಿಗೆ ಅಷ್ಟೇ. ಎಲೆ ಹಂಚುವುದು, ಗೆಲ್ಲುವುದು, ಸೋಲುವುದು ಎಲ್ಲ ಕೂತವರದು.

ಅಷ್ಟು ಜನರಲ್ಲಿ ಪೋಕರ್ ಎಂಬ ಪಣದಾಟ ಆಡಿಯೇ ಹೊಟ್ಟೆ ಹೊರೆದವರು ಬೆರಳೆಣಿಕೆ. ಅವರಲ್ಲಿ ದೊಡ್ಡವನು ಕ್ಲೈಡ್ ರೆನ್‌ಫ್ರೋ. ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಹಳೇ ಅಂಗಿ, ಮೋಟೆಲಿನ ಕೋಣೆಯಲ್ಲಿ ಒಂಟಿ ಬಾಳು. ಲೆಕ್ಕದಲ್ಲಿ ಅವನಿಗಿಂತ ಜೋರಾದವರು ಬೇಕಾದಷ್ಟಿದ್ದರು. ಆದರೆ ಕ್ಲೈಡ್ ಒಳ್ಳೇ ಎಲೆ ಸಿಗುವ ತನಕ ಬಂದ ಎಲೆಗಳನ್ನು ಬೇಸರವಿಲ್ಲದೆ ಗಂಟೆಗಟ್ಟಲೆ ಬಿಸಾಡುತ್ತ ಕೂರಬಲ್ಲ. ಸೋತರೆ ಸಿಟ್ಟಿಲ್ಲ, ಗೆದ್ದರೆ ಹಿಗ್ಗಿಲ್ಲ. ತನ್ನ ಎಲೆಯನ್ನು ಒಮ್ಮೆ ನೋಡಿದರೆ ಮುಗಿಯಿತು, ಆಮೇಲೆ ಅವನ ಕಣ್ಣು ಎದುರಿನವರ ಮೇಲೆಯೇ. ಯಾರು ಕತ್ತು ಕೆರೆದುಕೊಂಡರು, ಯಾರ ಉಸಿರು ನಿಂತಿತು, ಅದೆಲ್ಲ ಅವನಿಗೆ ಓದಿಟ್ಟ ಪಾಠ.

ಅವನಿಗಿದ್ದ ಒಬ್ಬನೇ ಗೆಳೆಯ ಓಡೆಲ್ ಪ್ರುಯಿಟ್. ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಬಡಿದು ಬಡಿದು ಒಂದು ಕಿವಿ ಕಳೆದುಕೊಂಡವನು, ಹಾಗಾಗಿ ಪಿಸುಮಾತಾಡಿದರೂ ಇಡೀ ಹಾಲಿಗೆ ಕೇಳುತ್ತಿತ್ತು.

"ಲೋ ಕ್ಲೈಡ್, ನಗೋದಕ್ಕೂ ಬಾಡಿಗೆ ಕೇಳ್ತಾರೇನೋ ಇಲ್ಲಿ?"

"ನೀನು ಎಲೆ ನೋಡು ಮಾರಾಯ."

"ನೋಡಿದೆ ಕಣೋ. ಅವೂ ನಿನ್ನ ಥರಾನೇ ಮುಖ ಗಂಟಿಕ್ಕಿಕೊಂಡಿವೆ!"

ಓಡೆಲ್‌ನ ಕೇಳುವ ಕಿವಿಯ ಪಕ್ಕದ ಕುರ್ಚಿಯೇ ಕ್ಲೈಡನಿಗೆ ಬೇಕು. ಭಾನುವಾರ ಓಡೆಲ್ ಮನೆಯಲ್ಲಿ ಊಟ. ಓಡೆಲ್‌ನ ಹೆಂಡತಿ ಮೊಜೆಲ್ ಕೋಳಿ ಕರಿದು, ಅಲಸಂದೆ ಬೇಯಿಸಿ ಬಡಿಸುವಳು. ಅಲ್ಲಿ ಮಾತ್ರ ಕ್ಲೈಡ್ ಬಾಯಿ ಬಿಟ್ಟು ನಗುತ್ತಿದ್ದ ಎಂದು ಅವಳೇ ನನಗೆ ಹೇಳಿದ್ದಳು.

ಆದರೆ ಸೋಮವಾರ ಬಂದರೆ ಅದೇ ಕ್ಲೈಡ್ ಅದೇ ಓಡೆಲ್‌ನನ್ನು ಸೋಲಿಸುತ್ತಿದ್ದ. ಅದೇನೂ ಗುಟ್ಟಾಗಿರಲಿಲ್ಲ. ಮೇಜಿನ ಮುಂದೆ ಕೂತವರಲ್ಲಿ ಒಬ್ಬರಿಗೆ ಕೈ ಸಡಿಲ ಬಿಟ್ಟರೆ ಉಳಿದವರಿಗೆ ಮೋಸ, ಅದು ಆ ಕಸುಬಿನವರ ಕಟ್ಟುಪಾಡು. ಓಡೆಲ್ ಕೂಡ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ: "ಸೋತರೂ ದೊಡ್ಡವನ ಕೈಲಿ ಸೋತೆ."

ಒಂದು ಮಧ್ಯಾಹ್ನ ಮೊಜೆಲ್ ಕ್ಲಬ್ಬಿಗೇ ಬಂದಳು. ಕಾಫಿ ಕಟ್ಟೆಯ ಹತ್ತಿರ ಕ್ಲೈಡನನ್ನು ನಿಲ್ಲಿಸಿದಳು. ನಾನು ಅಲ್ಲೇ ಬಿಲ್ಲೆ ಜೋಡಿಸುತ್ತಿದ್ದೆ.

"ಮನೆ ಮಾರ್ತೀನಿ ಅಂತ ಕೂತಿದ್ದಾನೆ ಕ್ಲೈಡ್. ಇನ್ನು ಉಳಿದಿರೋದು ಅದೊಂದೇ. ನೀನೇ ಹೇಗಾದ್ರೂ ಈ ಆಟ ಬಿಡಿಸಪ್ಪಾ."

"ನಾನು ಎದ್ದು ಹೋದ್ರೆ ಬೇರೆಯವ್ರು ಕಿತ್ಕೋತಾರೆ ಅಕ್ಕಾ."

"ಅವನು ನಿನ್ನ ಮಾತು ಕೇಳ್ತಾನೆ. ಏನಾದ್ರೂ ಮಾಡು."

ಕ್ಲೈಡನ ಹತ್ತಿರ ಕೊಡುವಂಥದ್ದು ಒಂದೇ ಇತ್ತು. ಎದುರಾಳಿಯ ಕೈಲಿರುವ ಎಲೆ ಎಂಥದ್ದೆಂದು ತೋರಿಸಿಕೊಡುವ ಚಾಳಿಯನ್ನು ಆ ಎದುರಾಳಿಗೇ ಹೇಳುವವರು ಈ ಕಸುಬಿನಲ್ಲಿ ಯಾರೂ ಇಲ್ಲ. ಅದು ತನ್ನ ಅನ್ನದ ತಟ್ಟೆಯನ್ನೇ ಎತ್ತಿ ಕೊಟ್ಟ ಹಾಗೆ. ಅದನ್ನೇ ಹೇಳಿಬಿಟ್ಟರೆ ಓಡೆಲ್‌ಗೆ ತಾನು ಎಲ್ಲರಿಗೂ ಓದಲು ಸಿಗುವವನು, ಎಂದೂ ಗೆಲ್ಲಲಾರೆ ಎಂದು ಅರ್ಥವಾಗುತ್ತದೆ, ಆಟ ಬಿಡುತ್ತಾನೆ, ಮನೆ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಉಡುಗೊರೆ ಕ್ಲೈಡನಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಆಟ ಶುರುವಾಗುವ ಮೊದಲು, ಕಾರು ನಿಲ್ಲಿಸುವ ಬಯಲಿನಲ್ಲಿ ಹೇಳಿದ. ಕೆಲಸಕ್ಕೆ ಬರುತ್ತಿದ್ದ ನಾನು ಹತ್ತಿರದಲ್ಲೇ ಇದ್ದೆ.

"ಓಡೆಲ್, ನಿನಗೆ ಒಳ್ಳೇ ಎಲೆ ಬಂದಾಗ ಕಾಫಿ ಲೋಟ ಮೆತ್ತಗೆ ಇಡ್ತೀಯ, ಮಗೂನ ಮಲಗಿಸಿದ ಹಾಗೆ. ಕೈಲೇನೂ ಇಲ್ಲದೆ ಬಡಾಯಿ ಹೊಡೆಯೋವಾಗ ಟಕ್ ಅಂತ ಕುಟ್ತೀಯ."

ಓಡೆಲ್ ಜೋರಾಗಿ ನಕ್ಕ. ಆಮೇಲೆ ನಗು ನಿಂತಿತು.

"ಯಾವಾಗಿಂದ ಗೊತ್ತು ನಿನಗೆ?"

ಸುಳ್ಳು ಹೇಳಬಹುದಿತ್ತು. ಆಟದ ಮೇಜು ಬಿಟ್ಟು ಆಚೆ ಬಂದರೆ ಕ್ಲೈಡನಿಗೆ ಸುಳ್ಳು ಬರುತ್ತಿರಲಿಲ್ಲ. "ನೀನು ಬಂದ ಮೊದಲನೇ ವಾರದಿಂದ."

"ಅಂದ್ರೆ ಇಷ್ಟು ವರ್ಷಾನೂ?"

"ಆಟ ಬೇರೆ, ನಾವು ಬೇರೆ ಕಣೋ."

"ಬೇರೇನಾ? ನೀನು ಭಾನುವಾರ ನನ್ನ ಮನೇಲಿ ಕೂತು, ನನ್ನ ಹೆಂಡ್ತಿ ಎತ್ತಿಟ್ಟ ಕೋಳಿ ಕಾಲು ತಿಂತಾ, ನಾನು ಲೋಟ ಇಡೋದನ್ನೂ ನೋಡ್ತಿದ್ದೆ ಅಲ್ವಾ? ಹೇಳೋ, ನೋಡ್ತಿದ್ದೆ ಅಲ್ವಾ?"

ಅವನ ದನಿಗೆ ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿದರು. ಓಡೆಲ್ ಕಾರು ಹತ್ತಿ ಹೋದ.

ಮತ್ತೆ ಅವನು ಕ್ಲಬ್ಬಿನ ಹೊಸ್ತಿಲು ತುಳಿಯಲಿಲ್ಲ. ಮನೆ ಉಳಿಯಿತು. ಭಾನುವಾರಗಳಲ್ಲಿ ಕ್ಲೈಡ್ ನಮ್ಮ ಕ್ಲಬ್ಬಿನಲ್ಲೇ ಈರುಳ್ಳಿ ಹಾಕಿ ಹುರಿದ ಲಿವರ್ ತಿನ್ನತೊಡಗಿದ.

ಒಂದೆರಡು ವರ್ಷ ಕಳೆದ ಮೇಲೆ ಓಡೆಲ್‌ನ ಶ್ವಾಸಕೋಶಕ್ಕೆ ಕಾಯಿಲೆ ಹಿಡಿದಿದೆ ಎಂಬ ಸುದ್ದಿ ಬಂತು. ಕ್ಲೈಡ್ ಪೀಚ್ ಹಣ್ಣು ಕಟ್ಟಿಸಿಕೊಂಡು ನೋಡಲು ಹೋದ. ಆ ಸಂಜೆ ಕ್ಲಬ್ಬಿಗೆ ಬಂದವನು ತಾನಾಗಿಯೇ ನನ್ನ ಹತ್ತಿರ ನಿಂತ.

"ಚೇತರಿಸಿಕೊಂಡಿದ್ದಾನೆ ತಂಗೀ. ಬೇಸಿಗೇಲಿ ಮೀನು ಹಿಡಿಯೋಕೆ ಹೋಗ್ತಾನಂತೆ."

"ನಿಜವಾಗ್ಲೂನಾ?"

"ಅವನ ಮುಖ ನನಗೆ ಗೊತ್ತಿಲ್ವಾ? ಸುಳ್ಳು ಹೇಳಿದ್ರೆ ಗೊತ್ತಾಗ್ತಿತ್ತು." ಅವನ ದನಿಯಲ್ಲಿ ಏನೋ ಹಗುರ ಇತ್ತು. "ಮುಂದಿನ ಭಾನುವಾರ ಮತ್ತೆ ಹೋಗ್ತೀನಿ. ಆವತ್ತಿನ ವಿಷಯ ಆಗ ಮಾತಾಡ್ತೀನಿ."

ಆ ಭಾನುವಾರ ಬರುವ ಮೊದಲೇ ಓಡೆಲ್ ತೀರಿಕೊಂಡ.

ಮಣ್ಣು ಮಾಡಿ ಮುಗಿದ ಮೇಲೆ ಕ್ಲೈಡ್ ಮೊಜೆಲ್ ಎದುರು ಬಂದು ನಿಂತ. ನಾನು ಅವಳ ಪಕ್ಕದಲ್ಲೇ ಇದ್ದೆ. "ಅವತ್ತು ಚೆನ್ನಾಗಿದ್ನಲ್ಲಾ ಅಕ್ಕಾ."

"ಚೆನ್ನಾಗೆಲ್ಲಿದ್ದ? ಕಿಟಕೀಲಿ ನಿನ್ನ ಕಾರು ಕಂಡ ತಕ್ಷಣ, ಕೈ ಎರಡೂ ಕಂಬಳಿ ಒಳಗೆ ಸೇರಿಸು ಅಂದ. ನೀನಿದ್ದಷ್ಟು ಹೊತ್ತೂ ಹಲ್ಲು ಕಚ್ಚಿ ಕೂತಿದ್ದ. ನೀನು ಗೇಟು ದಾಟಿದ ಮೇಲೆ ಕೂಗಿಬಿಟ್ಟ ಕಣಪ್ಪಾ, ನೋವಿಗೆ."

"ನನಗೆ ಗೊತ್ತೇ ಆಗಲಿಲ್ಲ."

"ಗೊತ್ತಾಗಬಾರದು ಅಂತಲೇ ಮಾಡಿದ್ದು."

ಕ್ಲೈಡ್ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಮೊಜೆಲ್ ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಒಂದು ಹನಿ, ಒಂದು ನಡುಕ, ಏನಾದರೂ ಕಾಣುತ್ತದೆಯೋ ಎಂದು. ಅಲ್ಲಿ ಏನೂ ಇರಲಿಲ್ಲ. ಅವಳು ನನ್ನ ತೋಳು ಹಿಡಿದುಕೊಂಡು ಕಾರಿನ ಕಡೆ ನಡೆದಳು.