ವಿನಿ ಆಷ್‌ವರ್ತ್ ತೇಪೆ ಹಾಕಿದ ಕಾರು

ವಿನಿ ಆಷ್‌ವರ್ತ್ ಮದುವೆಗೆ ಮುಂಚಿನಿಂದಲೂ ಗಿರಣಿಯಲ್ಲಿ ಹತ್ತಿ ಬಟ್ಟೆ ನೇಯ್ದವಳು. ಗಿರಣಿ ಮುಚ್ಚಿತು. ಅದರ ಕೆಳಮಹಡಿಯನ್ನು ನೆವಿಲ್ ಗಾರ್ಸೈಡ್ ಎಂಬ ತರುಣ ಬಾಡಿಗೆಗೆ ಹಿಡಿದು ಸ್ಪೋರ್ಟ್ಸ್ ಕಾರು ಮಾಡಲು ಶುರುಮಾಡಿದ. ತನ್ನ ಮಗ್ಗವಿದ್ದ ಮೂಲೆಗೇ ವಿನಿ ಮತ್ತೆ ಕೆಲಸಕ್ಕೆ ಬಂದಳು. ಅರವತ್ತರ ದಶಕದ ಮೊದಲ ವರ್ಷಗಳವು. ಉತ್ತರ ಇಂಗ್ಲೆಂಡಿನ ನಮ್ಮ ರಾಸೆಂಡೇಲ್ ಕಣಿವೆಯಲ್ಲಿ ಚಪ್ಪಲಿ ಕಾರ್ಖಾನೆ ಬಿಟ್ಟರೆ ಹೆಂಗಸರಿಗೆ ಬೇರೆ ಕೆಲಸ ಸಿಗುವುದು ಕಷ್ಟವಿತ್ತು. ನಾನೂ ಚಪ್ಪಲಿ ಕೆಲಸ ಬಿಟ್ಟು ಇಲ್ಲಿಗೆ ಬಂದು ಸೀಟು ಹೊಲಿಯುತ್ತಿದ್ದೆ.

ವಿನಿಯ ಕೆಲಸ ಫೈಬರ್‌ಗ್ಲಾಸಿನದು. ಅಚ್ಚಿಗೆ ಮೇಣ ತಿಕ್ಕಿ, ಗಾಜಿನೆಳೆಯ ಹಾಸು ಹೊದಿಸಿ, ಮೇಲೆ ರಾಳ ಬಳಿಯಬೇಕು. ಗಟ್ಟಿಯಾದ ಮೇಲೆ ಎತ್ತಿದರೆ ಕಾರಿನ ಮೈ. ಗಾಜಿನ ಪುಡಿ ಮಾತ್ರ ಮನೆಯವರೆಗೂ ಹಿಂಬಾಲಿಸುತ್ತಿತ್ತು.

“ನಿನ್ ಪಕ್ಕ ಮಲಗೋದೂ ಒಂದೇ, ಮುಳ್ಳುಹಂದಿ ಪಕ್ಕ ಮಲಗೋದೂ ಒಂದೇ,” ಎನ್ನುತ್ತಿದ್ದ ಗಂಡ ಕ್ಲಿಫರ್ಡ್.

“ಮುಳ್ಳುಹಂದಿ ನಿಂಗೆ ಬೇಯಿಸಿ ಹಾಕುತ್ತಾ, ಕೇಳ್ಕೊಂಡು ಬಾ,” ಎನ್ನುತ್ತಿದ್ದಳು ವಿನಿ.

ಕಾರಿಗೆ ಲ್ಯಾಪ್‌ವಿಂಗ್ ಎಂದು ನಮ್ಮ ಬೆಟ್ಟದ ಹಕ್ಕಿಯ ಹೆಸರಿಟ್ಟಿದ್ದರು. ನೋಡಲು ಚೆಂದ, ಓಟದಲ್ಲಿ ಚುರುಕು. ಆದರೆ ಕೊಳ್ಳುವವರಿಲ್ಲ. ಕೊನೆಗೆ ಲಂಡನ್ನಿನ ಪತ್ರಿಕೆಯೊಂದು ಕಾರನ್ನು ಓಡಿಸಿ ನೋಡಿ ಬರೆಯಲು ಲೈಲ್ ಎಂಬವನನ್ನು ಕಳಿಸಿತು. ಅವನು ಬಂದ ದಿನವೇ ನೆವಿಲ್ ಮಂಗನಬಾವು ಬಂದು, ಕುಂಬಳಕಾಯಿಯಂಥ ಮುಖ ಹೊತ್ತು ಮಲಗಿದ್ದ. ಯುದ್ಧಕಾಲದಲ್ಲಿ ಆಂಬುಲೆನ್ಸ್ ಓಡಿಸಿದ್ದವಳೆಂದು ವಿನಿಯನ್ನೇ ಜೊತೆಗೆ ಕಳಿಸಿದೆವು.

“ಮೊದಲು ನೀವೇ ಓಡಿಸಿ, ಮಿಸೆಸ್ ಆಷ್‌ವರ್ತ್,” ಎಂದ ಲೈಲ್. “ನಾನು ಪಕ್ಕದಲ್ಲಿ ಕೂತು ಎಂಜಿನ್ ಸದ್ದು ಕೇಳ್ತೀನಿ.”

ಬೆಟ್ಟದ ರಸ್ತೆಗೆ ಏರುತ್ತಲೇ ಅವಳಿಗೆ ಹುರುಪು ಬಂತು. ಆಂಬುಲೆನ್ಸಿನಲ್ಲಿ ರೋಗಿಯ ನರಳಾಟ ಕೇಳುತ್ತ ಮೆಲ್ಲಗೆ ಹೋಗಬೇಕಿತ್ತು; ಇಲ್ಲಿ ನರಳುವವರಿರಲಿಲ್ಲ. ಒಂದು ತಿರುವಿನಲ್ಲಿ ಕುರಿಯೊಂದು ರಸ್ತೆಯ ನಡುವೆ ನಿಂತು ಇವರನ್ನೇ ನೋಡುತ್ತಿತ್ತು. ವಿನಿ ಸ್ಟಿಯರಿಂಗ್ ತಿರುಗಿಸಿದಳು. ಕುರಿ ಉಳಿಯಿತು. ಕಾರಿನ ಎಡಗೆನ್ನೆ ಕಲ್ಲಿನ ಗೋಡೆಗೆ ಉಜ್ಜಿ ಹರಿದುಹೋಯಿತು.

ಅವಳು ಬ್ರೇಕ್ ಒತ್ತಿ ಕಾರು ನಿಲ್ಲಿಸಿದಳು. ಇಡೀ ಕಾರ್ಖಾನೆಯ ಅನ್ನ ಆ ಗೋಡೆಗೆ ಬಡಿದಂತಿತ್ತು.

“ಪೆಟ್ಟಾಯ್ತೇನಪ್ಪಾ?” ಎಂದಳು.

“ನನಗೇನೂ ಆಗಿಲ್ಲ. ಕಾರಿಗೇ ಪಾಪ,” ಎಂದ ಲೈಲ್.

ಹತ್ತಿರದಲ್ಲೇ ಮಿಸೆಸ್ ಆರ್ಮರಾಡ್ ನಡೆಸುವ ಪಬ್ಬು. ಅಲ್ಲಿಯವರೆಗೆ ಕಾರನ್ನು ತೆವಳಿಸಿದರು. ಬೆಳಿಗ್ಗೆ ಕಾರಿನ ಬಾಗಿಲಡಿಯ ಬಿರುಕೊಂದನ್ನು ತುಂಬಿ ಮಿಕ್ಕಿದ ಹಾಸು, ರಾಳ ಡಿಕ್ಕಿಯಲ್ಲೇ ಇದ್ದವು. ವಿನಿ ತೋಳು ಮಡಚಿ, ಹರಿದ ಕಡೆ ಒಳಗಿನಿಂದ ತೇಪೆ ಹಾಕಿದಳು. ಆದರೆ ಮಾರ್ಚ್ ತಿಂಗಳ ಗಾಳಿ. ಅಂಥ ಚಳಿಯಲ್ಲಿ ರಾಳ ಗಟ್ಟಿಯಾಗುವುದಿಲ್ಲ.

“ಬಿಸಿನೀರಿನ ಚೀಲ ಇದ್ರೆ ಕೊಡಮ್ಮಾ,” ಎಂದು ಕೇಳಿದಳು.

“ಯಾರಿಗೆ ಹುಷಾರಿಲ್ಲ?”

“ಕಾರಿಗೆ.”

ಮಿಸೆಸ್ ಆರ್ಮರಾಡ್ ಅವಳನ್ನೊಮ್ಮೆ, ಕಾರನ್ನೊಮ್ಮೆ ನೋಡಿ, ಮನೆಯಲ್ಲಿದ್ದ ಚೀಲಗಳನ್ನೆಲ್ಲ ತುಂಬಿಸಿ ತಂದಳು. ಮೇಲೆ ತನ್ನ ಗಂಡನ ಹಳೇ ಕೋಟನ್ನೂ ಹೊದಿಸಿದಳು. “ಬೇಕಿದ್ರೆ ಸೂಪೂ ಕೊಡ್ತೀನಿ,” ಎಂದಳು.

ಲೈಲ್ ಕ್ಯಾಮೆರಾ ತೆಗೆದು ಅದರ ಚಿತ್ರ ಹಿಡಿದ; ಆಮೇಲೆ ಒಳಗೆ ಬೆಂಕಿಯ ಮುಂದೆ ಕೂತು ಮಾಂಸದ ಪೈ ತಿಂದ, ಬಟಾಣಿ ತಿಂದ, ಎರಡು ಪೈಂಟ್ ಬಿಯರ್ ಕುಡಿದ. ವಿನಿ ಹೊರಗೆ ಕಾರಿನ ಬಳಿಯೇ ನಿಂತು ಆರಿದ ಚೀಲಗಳಿಗೆ ಬಿಸಿನೀರು ಬದಲಿಸುತ್ತಿದ್ದಳು. ಅವನು ಹೊರಬಂದಾಗ ತೇಪೆ ಒರಟೊರಟಾಗಿ, ಬಣ್ಣವಿಲ್ಲದೆ ನಿಂತಿತ್ತು. ಬೆರಳಿನಿಂದ ತಟ್ಟಿದ; ಟಣ್ ಎಂದಿತು. ಈ ಸಲ ತಾನೇ ಸ್ಟಿಯರಿಂಗ್ ಹಿಡಿದು, ಅವಳಿಗಿಂತಲೂ ಜೋರಾಗಿ ಕಣಿವೆಗೆ ಇಳಿಸಿದ.

ವಿನಿ ನೇರ ನೆವಿಲ್‌ನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಳು. “ಬೆಟ್ಟದ ತಿರುವಿನ ಗೋಡೆಗೆ ಗುದ್ದಿಬಿಟ್ಟೆ ಕಣಪ್ಪಾ. ನಾಳೆಯಿಂದ ಬರೋದ್ ಬೇಡ ಅಂದ್ರೆ ಬರಲ್ಲ.”

ನೆವಿಲ್ ಬಾವಿನ ನಡುವಿನಿಂದಲೇ ನಕ್ಕ. “ನಗಿಸಬೇಡಿ, ನೋಯುತ್ತೆ. ಹೋದ ತಿಂಗಳು ನಾನೂ ಅದೇ ಗೋಡೆಗೆ ಗುದ್ದಿದ್ದೆ. ಯಾರಿಗೂ ಹೇಳಿರಲಿಲ್ಲ.”

ಪತ್ರಿಕೆ ಬಂದಾಗ ಅದರಲ್ಲಿ ಕೋಟು ಹೊದ್ದ ಕಾರಿನ ಚಿತ್ರವಿತ್ತು. ‘ಊಟ ಮುಗಿಸುವಷ್ಟರಲ್ಲಿ ರಿಪೇರಿಯಾಗುವ ಕಾರು’ ಎಂದು ಲೈಲ್ ಬರೆದಿದ್ದ. ಟೆಲಿಫೋನು ಸುಮ್ಮನಿರಲಿಲ್ಲ. ಆಗೆಲ್ಲ ಸಿದ್ಧ ಕಾರಿನ ಮೇಲಿನ ತೆರಿಗೆ ಉಳಿಸಲು ಜನ ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಕಾರು ಜೋಡಿಸಿಕೊಳ್ಳುತ್ತಿದ್ದರು. ಅಂಥವರಿಗೆ ಶನಿವಾರ ತೇಪೆ ಹಾಕುವುದನ್ನು ಕಲಿಸುವ ಕೆಲಸ ವಿನಿಯ ಪಾಲಿಗೆ ಬಂತು. ದಂತವೈದ್ಯರು, ಪಾದ್ರಿಗಳು ಏಪ್ರನ್ ಕಟ್ಟಿಕೊಂಡು ಅವಳಿಂದ ಬೈಸಿಕೊಳ್ಳುತ್ತಿದ್ದರು. “ಫಾದರ್, ಅದು ಜಾಮ್ ಅಲ್ಲ, ತೆಳ್ಳಗೆ ಬಳೀರಿ,” ಎಂದು ಅವಳು ಗದರಿದ್ದನ್ನು ನಾನೇ ಕೇಳಿದ್ದೇನೆ.

ಎಪ್ಪತ್ತರ ದಶಕದಲ್ಲಿ ತೆರಿಗೆಯ ಲೆಕ್ಕಾಚಾರ ಬದಲಾಗಿ, ಮನೆಯಲ್ಲಿ ಜೋಡಿಸುವುದರ ಲಾಭ ಹೋಯಿತು. ನೆವಿಲ್ ಕಾರು ಬಿಟ್ಟು ದೋಣಿ ಮಾಡತೊಡಗಿದ. ಅಚ್ಚು ಬೇರೆ, ಕೆಲಸ ಅದೇ. ವಿನಿ ಅಲ್ಲೇ ಉಳಿದಳು. ಕೊನೆಯ ಲ್ಯಾಪ್‌ವಿಂಗನ್ನು ಅವನು ಅವಳಿಗೇ ಕೊಟ್ಟ. ಹಳದಿ ಬಣ್ಣದ್ದು. ಬೇಸಿಗೆ ರಜೆಗೆ ಗಂಡಹೆಂಡತಿ ಅದರಲ್ಲೇ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೊರಟರು. ಕ್ಲಿಫರ್ಡ್‌ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

“ಇದೇನು ಕಾರೋ, ಸ್ನಾನದ ತೊಟ್ಟಿನೋ?” ಎಂದ.

“ಇಳಿದು ಬಸ್ಸಿಗೆ ಬಾ ಹಾಗಾದ್ರೆ.”

“ನಾನೇನು ಇಳೀತೀನಿ ಅಂದ್ನಾ? ಮುಂದೆ ಆ ಲಾರಿ ನೋಡು, ಆಗ್ಲಿಂದ ಅಡ್ಡ ಹೋಗ್ತಿದೆ. ಹಿಂದೆ ಹಾಕು ಅದನ್ನ.”

ವಿನಿ ಹಿಂದೆ ಹಾಕಿದಳು.