ಮೋಯ್ ಪೋಪೋ ಮನೆಯಲ್ಲಿ ಎಷ್ಟು ಜನ?

ನಮ್ಮ ಎಲ್ಮ್‌ಹರ್ಸ್ಟ್‌ನಲ್ಲಿ ಚೀನೀಯರೂ ಭಾರತೀಯರೂ ಹೆಚ್ಚಾಗಿದ್ದಾರೆಂದು ತಿಳಿಯಲು ಸರ್ಕಾರ ನನಗೆ ಸಂಬಳ ಕೊಟ್ಟು ಮನೆಮನೆಗೆ ಕಳಿಸಬೇಕಾಗಿರಲಿಲ್ಲ. ಬಾಗಿಲ ಮುಂದಿನ ಚಪ್ಪಲಿ ನೋಡಿದರೆ ಸಾಕಿತ್ತು. ನಾನು ಸೂರತ್ತಿನಿಂದ ಮದುವೆಯಾಗಿ ಈ ಪರದೇಶಕ್ಕೆ ಬಂದಾಗ ಇಡೀ ಬೀದಿಯಲ್ಲಿ ಎರಡೇ ಮನೆಯವರು ಹೊರಗೆ ಚಪ್ಪಲಿ ಬಿಡುತ್ತಿದ್ದರು: ನಾವು, ಎದುರು ಮನೆಯ ಮೋಯ್ ಪೋಪೋ. ಈಗ ಬಿಡದವರನ್ನು ಹುಡುಕಬೇಕು.

ಪೋಪೋ ಎಂದರೆ ಅವರಲ್ಲಿ ಅಜ್ಜಿ. ಚೀನಾದ ತೈಶಾನ್ ಕಡೆಯ ಹೆಂಗಸು. ಇಪ್ಪತ್ತೆರಡು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ಪ್ಯಾಂಟಿಗೆ ಜಿಪ್ ಹಚ್ಚಿ ಈ ಮನೆ ಮಾಡಿಕೊಂಡಳು. ಗಂಡ ತೀರಿಕೊಂಡ ಮೇಲೆ ಮಹಡಿಯನ್ನು ಹೋಟೆಲಿನಲ್ಲಿ ದುಡಿಯುವ ಫುಚೌ ಊರಿನ ಮೂವರು ಚೀನೀ ಹುಡುಗರಿಗೆ ಬಾಡಿಗೆಗೆ ಕೊಟ್ಟಳು. ಟ್ಯಾಕ್ಸಿ ಓಡಿಸುವ ಗುರ್ಮೇಜ್, ಅವನ ಹೆಂಡತಿ ಸಿಮ್ರತ್ ನೆಲಮಾಳಿಗೆಯಲ್ಲಿದ್ದರು. ಸಿಮ್ರತ್‌ಗೆ ಈ ಕತೆ ನಡೆದ ಹೊತ್ತಿಗೆ ಏಳು ತಿಂಗಳು ತುಂಬಿತ್ತು.

ನೆಲಮಾಳಿಗೆಯಲ್ಲಿ ಜನರನ್ನಿಡುವುದು ಕಾನೂನಿಗೆ ವಿರುದ್ಧ. ನಾಲ್ಕು ಮನೆಯಾಚೆ ಒಮ್ಮೆ ನಗರಸಭೆಯ ತಪಾಸಣೆಯವರು ಬಂದು ಬಾಗಿಲಿಗೆ ಕೆಂಪು ಕಾಗದ ಅಂಟಿಸಿ, ಒಂದು ಗಂಟೆಯಲ್ಲಿ ಎಲ್ಲರನ್ನೂ ಸೂಟ್‌ಕೇಸ್ ಸಮೇತ ಬೀದಿಗೆ ಹಾಕಿದ್ದರು. ಅಂದಿನಿಂದ ಯಾರೇ ಬಾಗಿಲು ತಟ್ಟಿದರೂ ಪೋಪೋ ಬೆಚ್ಚಿಬೀಳುತ್ತಿದ್ದಳು.

ಎರಡು ಸಾವಿರದ ಹತ್ತರ ಮೇ ತಿಂಗಳಲ್ಲಿ ಆ ಬಾಗಿಲು ತಟ್ಟಿದವಳು ನಾನು. ಕುತ್ತಿಗೆಯಲ್ಲಿ ಜನಗಣತಿಯ ಬಿಲ್ಲೆ, ಕೈಯಲ್ಲಿ ಫಾರಂ, ತಲೆಯಲ್ಲಿ ತುಸು ಜಂಬ.

"ಮನೇಲಿ ಎಷ್ಟು ಜನ, ಪೋಪೋ?"

"ನಾನೊಬ್ಬಳೇ."

"ನಾನು ದಿನಾ ನೋಡ್ತೀನಲ್ಲ!"

"ನಿನ್ನ ಕಣ್ಣು ನೋಡುತ್ತೆ. ಆ ಬಿಲ್ಲೆಗೆ ಕಣ್ಣಿಲ್ಲ."

ಮೆಟ್ಟಿಲ ಬದಿಯಲ್ಲಿ ಹನ್ನೊಂದು ಜೊತೆ ಪಾದರಕ್ಷೆ ಇದ್ದವು. ನಾನು ಗುರ್ಮೇಜನ ದೊಡ್ಡ ಬೂಟು ತೋರಿಸಿ, "ಇದೂ ನಿಮ್ದೇನಾ?" ಎಂದೆ.

"ನಂದೇ. ಕಾಲು ಊದಿದಾಗ ಹಾಕ್ಕೋತೀನಿ."

ನಗು ಬಂತು, ಸಿಟ್ಟೂ ಬಂತು. ಲೆಕ್ಕಕ್ಕೆ ಸಿಗದಿದ್ದರೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಬೆಂಚು ಸಿಗುವುದಿಲ್ಲ, ಈ ಫಾರಂ ತಪಾಸಣೆಯವರಿಗೆ ಹೋಗುವುದಿಲ್ಲ ಎಂದು ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಹೊರಡುವಾಗ ಬಾಯಿ ಸುಮ್ಮನಿರದೆ, "ನಾನು ಬಿಡಿ, ಬೇರೆ ಯಾರಾದ್ರೂ ಬಂದ್ರೆ ಈ ಚಪ್ಪಲಿ ಎಣಿಸಿಯೇ ಹೇಳ್ತಾರೆ" ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು.

ಮರುದಿನ ಮೆಟ್ಟಿಲು ಖಾಲಿ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ ಎಂದು ಪೋಪೋ ಬಾಡಿಗೆಯವರಿಗೆ ಹೇಳಿದ್ದರೆ ಮುಗಿದಿತ್ತು. ಆದರೆ ಅದು ಅವಳಿಗೂ ಆಗದು, ಸಿಮ್ರತ್‌ಗೂ ಆಗದು. ಹಾಗಾಗಿ ಪೋಪೋ ಬಾಗಿಲೊಳಗೆ, ನೆಲಮಾಳಿಗೆಗೆ ಇಳಿಯುವ ಕತ್ತಲೆ ಮೆಟ್ಟಿಲ ಮೇಲೆ ಎಲ್ಲವನ್ನೂ ಜೋಡಿಸಿಟ್ಟಿದ್ದಳು.

ನಾಲ್ಕನೇ ದಿನ ಮಧ್ಯಾಹ್ನ ನನಗೆ ಪೋಪೋಳ ಫೋನು ಬಂತು.

"ತರು, ಸಿಮ್ ಬಿದ್ಲು. ಬೂಟು ಎಡವಿ. ರಕ್ತ ಹೋಗ್ತಿದೆ."

"ಆಂಬುಲೆನ್ಸ್‌ಗೆ ಹೇಳಿ ಪೋಪೋ, ಬೇಗ!"

"ಹೇಳಾಯ್ತು. ಅವರ ಗಡಿಬಿಡಿ ಇಂಗ್ಲಿಷ್ ನಂಗೆ ಅರ್ಥ ಆಗಲ್ಲ, ನೀನು ಬಾ."

ನಾನು ಓಡಿಹೋದಾಗ ಎಂದೂ ಒಂದು ಗೇಣಿಗಿಂತ ಹೆಚ್ಚು ತೆರೆಯದ ಆ ಬಾಗಿಲು ಹಾರು ಹೊಡೆದಿತ್ತು. ಪೋಪೋ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಬಾಚಿ ಬೀದಿಗೆ ಎಸೆಯುತ್ತಿದ್ದಳು, ಸ್ಟ್ರೆಚರ್‌ಗೆ ದಾರಿಯಾಗಲೆಂದು. ಸಮವಸ್ತ್ರದವನೊಬ್ಬ, "ಕೆಳಗೆ ಇರೋರು ಯಾರು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದಳು: "ನನ್ನ ಮಕ್ಕಳು."

ಅಂದು ಸಂಜೆಯೇ ಹೆರಿಗೆಯಾಯಿತು. ಹೆಣ್ಣು ಮಗು, ಅಂಗೈಗಿಂತ ತುಸು ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಳಿಯುತ್ತದೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಐದು ವಾರ ಅದು ಅಲ್ಲೇ ಇತ್ತು. ಪೋಪೋ ದಿನವೂ ಫ್ಲಾಸ್ಕಿನಲ್ಲಿ ಶುಂಠಿ, ವಿನೆಗರ್ ಹಾಕಿ ಬೇಯಿಸಿದ ಬಾಣಂತಿ ಸಾರು ಹೊತ್ತು ಆಸ್ಪತ್ರೆಗೆ ನಡೆಯುತ್ತಿದ್ದಳು. ಅದರಲ್ಲಿ ಹಂದಿಕಾಲು ಇರುತ್ತಿತ್ತು. ಸಿಮ್ರತ್ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಕೆಂಪು ಕಾಗದದವರು ಬರಲಿಲ್ಲ. ಆದರೆ ಬರುವುದಿಲ್ಲವೆಂದು ನಮಗೇನು ಗೊತ್ತಿತ್ತು?

ಜೂನ್ ಕೊನೆಗೆ ಮಗು ಮನೆಗೆ ಬಂತು. ಪೋಪೋ ತನ್ನ ಕೋಣೆಯನ್ನೇ ಅವರಿಗೆ ಬಿಟ್ಟು, ತಾನು ನಡುಮನೆಯ ಸೋಫಾಕ್ಕೆ ಬಂದಳು. ಮಾರನೆಯ ದಿನ ನನ್ನನ್ನು ಕೂಗಿದಳು.

"ಬಿಲ್ಲೆ ಹಾಕ್ಕೊಂಡು ಬಾ. ಬರ್ಕೋ. ಏಳು ಜನ."

ಎಲ್ಲರ ಹೆಸರನ್ನೂ ಹೇಳಿದಳು. ಕೊನೆಯದಾಗಿ ಮಗುವಿನ ಹೆಸರು: ಜಪ್‌ಲೀನ್. ನಾನು ಪೆನ್ನು ತಡೆದೆ.

"ಏಪ್ರಿಲ್ ಒಂದಕ್ಕೆ ಇದ್ದೋರನ್ನ ಮಾತ್ರ ಬರೀಬೇಕು ಪೋಪೋ. ಇವಳು ಆಗಿನ್ನೂ ಹುಟ್ಟಿರಲಿಲ್ಲ."

"ಹುಟ್ಟದಿದ್ರೇನು? ನಮ್ಮಲ್ಲಿ ಮಗು ಹುಟ್ಟೋವಾಗ್ಲೇ ಒಂದು ವರ್ಷದ್ದು. ಏಪ್ರಿಲ್‌ನಲ್ಲಿ ಇದ್ಲು. ನಾನೇ ಹೊಟ್ಟೆ ಮುಟ್ಟಿ ನೋಡಿದ್ದೀನಿ, ಒದೀತಿದ್ಲು."

"ನಾನು ಪ್ರಮಾಣ ಮಾಡಿದ್ದೀನಿ. ಸುಳ್ಳು ಬರೆಯೋಕಾಗಲ್ಲ. ಆರೇ ಜನ."

ಅವಳು ಫಾರಂ ತನ್ನತ್ತ ಎಳೆದುಕೊಂಡಳು. ಆಮೇಲೆ ಮೊದಲ ಸಾಲಿನಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಆರೇ ಅಂದ್ರೆ ಆರೇ ಇರಲಿ. ಇದನ್ನ ಹೊಡೆದು ಹಾಕಿ ಅವಳನ್ನ ಬರ್ಕೋ."